ಗೌರಾಬಾಯಿ ಕಣ್ಣು ಕೊಡದ ಇಲಿ

ನಮ್ಮ ಅತ್ತೆ ಗೌರಾಬಾಯಿ ತಮ್ಮ ಕೈಯಿಂದ ತಪ್ಪಾಯಿತೆಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಸೊಸೆಯಾಗಿ ಅವರ ಮನೆ ಹೊಕ್ಕ ದಿನದಿಂದ ಅವರ ಕೊನೆಗಾಲದವರೆಗೂ ಮಗ್ಗುಲಲ್ಲೇ ಇದ್ದವಳು ನಾನು, ಹೀಗಾಗಿ ಈ ಮಾತನ್ನು ಎದೆ ತಟ್ಟಿ ಹೇಳಬಲ್ಲೆ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಅಂಗಡಿಯವನ ಉಪ್ಪಿನ ತಪ್ಪು. ಹೋಳಿಗೆ ಹರಿದರೆ ಕಡಲೆಬೇಳೆಯದು. ಮಳೆಗಾಲದಲ್ಲಿ ಮಣ್ಣಿನ ಗಣಪತಿ ಒಣಗದೆ ಸೊಂಡಿಲು ಬಿರುಕು ಬಿಟ್ಟರೆ ತಪ್ಪು ನೇರವಾಗಿ ಮಳೆಯದು, ಮತ್ತು ಅದನ್ನು ಅವರು ಅಂಗಳಕ್ಕೆ ಬಂದು ಆಕಾಶದ ಕಡೆ ಮುಖ ಮಾಡಿಯೇ ಹೇಳುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ, ಇಷ್ಟು ಗಟ್ಟಿಯಾಗಿ ನಿಲ್ಲುವವರು ಮನೆಯಲ್ಲಿ ಒಬ್ಬರಿದ್ದರೆ ಉಳಿದವರಿಗೆ ಎಷ್ಟು ಆಸರೆ ಎಂಬುದು ತಿಳಿಯಿತು. ಅವರು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದರ ಕಥೆಯನ್ನೇ ಈಗ ಹೇಳುತ್ತೇನೆ. ಹೇಳುವಾಗ ನಾನು ಅವರ ಪಕ್ಷ ವಹಿಸಿದರೆ ಓದುವವರು ಬೇಸರ ಪಡಬಾರದು.

ಗೌರಾಬಾಯಿ ಹುಟ್ಟಿದ್ದು ಗೋಕಾಕದ ಚಿತ್ರಗಾರರ ಮನೆಯಲ್ಲಿ. ಕಟ್ಟಿಗೆಯ ಹಣ್ಣು, ಗಿಳಿ, ಗೊಂಬೆ ಮಾಡಿ ಬಣ್ಣ ಹಚ್ಚುವುದು ಆ ಮನೆತನದ ಕಸುಬು. ಚೌತಿ ಬಂದಾಗ ಮಣ್ಣಿನ ಗಣಪತಿ. ಮನೆಯ ಹುಡುಗಿಯರು ಬಣ್ಣ ಅರೆಯಬಹುದು, ಪೀತಾಂಬರದ ಅಂಚು ಬರೆಯಬಹುದು. ಮೂರ್ತಿಗೆ ಕಣ್ಣು ಬರೆಯುವುದು ಮಾತ್ರ ಹಿರಿಯ ಗಂಡಸಿನ ಕೆಲಸ. ಅದಕ್ಕೆ ಕಣ್ಣು ತೆರೆಸುವುದು ಎನ್ನುತ್ತಾರೆ. ಕಣ್ಣು ತೆರೆಸುವ ತನಕ ಅದು ಮಣ್ಣು, ತೆರೆಸಿದ ಮೇಲೆ ದೇವರು. ಒಂದು ಚೌತಿಯ ಮುನ್ನಾದಿನ ಅವರ ಅಪ್ಪ ಜ್ವರದಿಂದ ಏಳಲಾರದೆ ಮಲಗಿಬಿಟ್ಟರು. ಗಣಪತಿ ಒಯ್ಯಲು ಬಂದವರು ಬಾಗಿಲಲ್ಲಿ ನಿಂತಿದ್ದರು. ಗೌರಾಬಾಯಿ ಯಾರನ್ನೂ ಕೇಳದೆ ಕುಂಚ ಎತ್ತಿಕೊಂಡು ಎಲ್ಲ ಮೂರ್ತಿಗಳ ಕಣ್ಣು ತೆರೆಸಿದರು. ಅಪ್ಪ ಎದ್ದು ಬಂದು ನೋಡಿ, ಇನ್ನು ಮುಂದೆ ಇವಳೇ ಬರೆಯಲಿ ಎಂದರಂತೆ. ಇದು ಅತ್ತೆ ಹೇಳುತ್ತಿದ್ದ ಕಥೆ. ಅವರ ಅಣ್ಣ ಒಮ್ಮೆ ಪುಣೆಗೆ ಬಂದಾಗ ಹೇಳಿದ ಪ್ರಕಾರ, ಅಪ್ಪ ಮೊದಲು ಬೆನ್ನ ಮೇಲೆ ಒಂದು ಬಾರಿಸಿ ಆಮೇಲೆ ಹಾಗೆ ಅಂದರಂತೆ.

ಮದುವೆಯಾಗಿ ಪುಣೆಗೆ ಬಂದರು. ನಮ್ಮ ಮಾವ ಪಂಢರಿನಾಥ ಬೆಳಗಾವಿ ಕಡೆಯವರು, ತಮ್ಮ ಕೃಷ್ಣಾಜಿಯನ್ನು ಕಟ್ಟಿಕೊಂಡು ಕಸಬಾ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ, ಒಂದು ಪಡಸಾಲೆ ಹಿಡಿದಿದ್ದರು. ಕುಂಬಾರರ ಕೇರಿಯಾದ ಕುಂಭಾರವಾಡ ಹತ್ತಿರವೇ ಇದ್ದುದರಿಂದ ಮಣ್ಣಿಗೆ ತೊಂದರೆಯಿರಲಿಲ್ಲ. ಮಾವ ಮಣ್ಣು ನಾದಿ ಮೂರ್ತಿ ಮಾಡುವರು. ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಿಂದ ಮಾತು ಹೊರಡಿಸಬೇಕಾದರೆ ಸಾಹಸ ಮಾಡಬೇಕಿತ್ತು. ಕೃಷ್ಣಾಜಿ ಸಣ್ಣಮಾವ ಬಣ್ಣ ಹಚ್ಚುವರು. ಕಣ್ಣು ಅತ್ತೆಯವರದು. ಸಣ್ಣಮಾವನಿಗೂ ಕಣ್ಣು ಬರೆಯುವ ಆಸೆ ಇತ್ತು, ಒಂದೆರಡು ಸಲ ಕೈ ಹಾಕಿಯೂ ನೋಡಿದ್ದರು. ಅವರ ಕೈಯ ಗಣಪತಿ ಹಬ್ಬದ ಊಟ ಉಂಡು ಮಲಗಿ ಎದ್ದವನ ಹಾಗೆ ಕಾಣುತ್ತಿದ್ದ.

ಧಾರವಾಡ, ಬೆಳಗಾವಿ ಕಡೆಯಿಂದ ನೌಕರಿಗೆಂದು ಬಂದ ಕನ್ನಡದ ಮನೆತನಗಳು ಪುಣೆಯಲ್ಲಿ ಆಗಲೇ ಸಾಕಷ್ಟಿದ್ದವು. ಅವರೆಲ್ಲ ಬೇರೆ ಎಲ್ಲಿಯೂ ಹೋಗದೆ ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮ ಮನೆಯದು ಒಂದು ಪದ್ಧತಿ. ಒಯ್ಯುವವರು ತಟ್ಟೆ, ವಸ್ತ್ರ, ಅಕ್ಷತೆ ಹಿಡಿದು ಎದುರಿಗೆ ಬಂದು ಕೂತ ಮೇಲೆಯೇ ಕಣ್ಣು ತೆರೆಸುವುದು. ಅದಕ್ಕೂ ಮೊದಲು ತೆರೆಸಿದರೆ ದೇವರು ಪೂಜೆಯಿಲ್ಲದೆ ಅಂಗಡಿಯಲ್ಲಿ ಕೂತಿರಬೇಕಾಗುತ್ತದೆ, ಅದು ಕೂಡದು. ಮೊದಲು ಗಣಪತಿಗೆ, ಕೊನೆಗೆ ಅವನ ಕಾಲ ಬಳಿಯ ಇಲಿಗೆ. ಅತ್ತೆ ಉಸಿರು ಹಿಡಿದು ಬರೆಯುವರು, ಎದುರಿಗೆ ಕೂತವರೂ ಉಸಿರು ಹಿಡಿಯುವರು. ಅತ್ತೆಗೆ ಜೀವನದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲ. ಮಗನ ಮದುವೆಯ ದಿನ ಕೂಡ ಅವರ ಮುಖ ಚೌತಿಯ ಬೆಳಗಿನ ಹಾಗೆ ಹೊಳೆದಿರಲಿಲ್ಲವೆಂದು ನಾನು ಹೇಳಿದರೆ, ಆ ಮದುವೆಯ ಹುಡುಗಿ ನಾನೇ ಆದ್ದರಿಂದ ನಂಬಬಹುದು.

ನಾನು ಬಂದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ಆ ದೀಪಾವಳಿ ಕಳೆದ ಮೇಲೆ ಮಧುಕರರಾಯರು ಎಂಬವರು ಅತ್ತೆಯನ್ನು ಹುಡುಕಿಕೊಂಡು ಬಂದರು. ಬೆಳಗಾವಿಯವರು, ಅರ್ಧ ಕನ್ನಡ ಅರ್ಧ ಮರಾಠಿ ಮಾತು. ದೊಡ್ಡ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡಿ ಬಿಟ್ಟು, ಲಕಡಿ ಪೂಲವೆಂಬ ಸೇತುವೆಯ ಆಚೆ ಒಂದು ಗೋದಾಮು ಹಿಡಿದು ತಮ್ಮದೇ ಸಣ್ಣ ಕಂಪನಿ ಹೂಡಿದ್ದರು. ಬರೆದ ಚಿತ್ರಗಳೇ ನಡೆದಾಡುವಂಥ ಸಿನಿಮಾ ಮಾಡಬೇಕೆಂಬ ಹುಚ್ಚು ಅವರಿಗೆ. ಒಂದು ಬೆಕ್ಕು, ಒಂದು ಇಲಿ, ನದಿಗೆ ನೆರೆ ಬಂದಾಗ ಅವೆರಡಕ್ಕೂ ಗೆಳೆತನವಾಗುತ್ತದೆ, ಇಷ್ಟೇ ಕಥೆ. ಹೆಂಗಸರು ಮಕ್ಕಳು ಕೂಡಿ ನೋಡುವಂಥದ್ದು. ಆದರೆ ಬರೆಯುವವರು ಸಿಗುತ್ತಿರಲಿಲ್ಲ. ಕಾಲೇಜಿನಲ್ಲಿ ಕಲಿತ ಕಲಾವಿದರಿಗೆ ಇಲಿ ಬರೆಯುವುದು ಕಡಿಮೆಯ ಕೆಲಸವಾಗಿ ಕಂಡಿತು. ಒಂದೇ ಇಲಿಯನ್ನು ಸಾವಿರ ಸಲ ಬರೆದರೂ ಅದು ಹೆಗ್ಗಣವಾಗದಂತೆ ನೋಡಿಕೊಳ್ಳುವ ಕೈ ಬೇಕು ಎಂದು ಅವರು ಹೇಳಿ ಮುಗಿಸುವುದರೊಳಗೆ ಅತ್ತೆ ಒಪ್ಪಿಬಿಟ್ಟಿದ್ದರು. ಪುಣೆಯ ಬಿಲಗಳಲ್ಲಿರುವುದಕ್ಕಿಂತ ಹೆಚ್ಚು ಇಲಿಗಳನ್ನು ತಾವು ಮಾಡಿರುವುದಾಗಿ ಹೇಳಿದರು. ಮಾವ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಮಣ್ಣು ನಾದಲು ಹತ್ತಿದರು. ಅದೇ ಒಪ್ಪಿಗೆ.

ಹೆಂಗಸು ಒಬ್ಬಳೇ ಸಿನಿಮಾ ಕಂಪನಿಗೆ ಹೋಗುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅವರ ಜೊತೆ ನನ್ನನ್ನು ಕಳಿಸಿದರು. ಇಬ್ಬರು ಹೋದರೆ ಹೇಗೆ ಚೆನ್ನಾಗಿ ಕಾಣುತ್ತದೋ ನನಗೆ ತಿಳಿಯಲಿಲ್ಲ, ಆದರೆ ಅಡಿಗೆಮನೆಯಿಂದ ಬಿಡುಗಡೆ ಸಿಕ್ಕಿದ್ದಕ್ಕೆ ನಾನು ಏನೂ ಕೇಳಲಿಲ್ಲ.

ಕೇಳುವವರು ಬೇರೆ ಇದ್ದರು. ರಾಧಾಬಾಯಿ, ನಿವೃತ್ತ ಪೋಸ್ಟ್‌ಮಾಸ್ಟರರ ಹೆಂಡತಿ, ನಮ್ಮ ಪೇಠೆಯ ಕನ್ನಡದವರಲ್ಲಿ ಎಲ್ಲರಿಗೂ ಹಿರಿಯರು. ಯಾರ ಮನೆಯ ಮುಂಜಿವೆಯಲ್ಲಿ ಏನು ತಪ್ಪಿತೆಂಬುದು ಅವರಿಗೆ ಗೊತ್ತಿರುತ್ತಿತ್ತು. ಪ್ರತಿ ಚೌತಿಗೆ ನಮ್ಮಲ್ಲಿಂದ ಮೊದಲನೆಯ ಗಣಪತಿ ಅವರ ಮನೆಗೆ, ಅದರ ಹಿಂದೆ ಉಳಿದವರೆಲ್ಲರ ಮನೆಗೆ. ಸುದ್ದಿ ಕಿವಿಗೆ ಬಿದ್ದದ್ದೇ ಬಂದರು, ಕೂರಲಿಲ್ಲ.

"ಗೌರಾ, ಸಿನಿಮಾದಾಗ ಬಣ್ಣ ಕಲಸೋ ಕೈಯಿಂದ ದೇವರ ಕಣ್ಣು ತೆರಸೂದು ಶೋಭಿಸೂದಿಲ್ಲ," ಎಂದರು. "ಆ ಕೈ ಮುಟ್ಟಿದ ಗಣಪತಿ ನಮ್ಮ ಮನೀಗೆ ಬ್ಯಾಡ. ಕೃಷ್ಣಾಜಿ ಬರೀಲಿ."

ಅತ್ತೆ ಹೆದರುವ ಪೈಕಿಯಲ್ಲ. ತಮ್ಮ ಕೈ ಏನು ಮಾಡಬೇಕೆಂಬುದು ತಮಗೆ ಗೊತ್ತೆಂದರು. ರಾಧಾಬಾಯಿ ಹೊಸ್ತಿಲು ದಾಟಿ ಹೋದರು, ಅಂದಿನಿಂದ ನಮ್ಮ ಮನೆಯವರ ಜೊತೆ ಮಾತು ಬಿಟ್ಟರು. ಅವರ ಬೆನ್ನಿಗೆ ಒಬ್ಬೊಬ್ಬರಾಗಿ ಉಳಿದವರೂ ಸಣ್ಣಮಾವನ ಹತ್ತಿರವೇ ಗಣಪತಿ ಹೇಳಿ ಹೋಗಲು ಶುರು ಮಾಡಿದರು. ಸಣ್ಣಮಾವ ಹೊಸ ಕುಂಚ ತಂದುಕೊಂಡರು. ಬರುವ ಚೌತಿಗೆ ಅತ್ತೆಯ ಎದುರಿನ ಚಾಪೆಯ ಮೇಲೆ ಯಾರೂ ಕೂರಲಿಕ್ಕಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದುಹೋಯಿತು. ಅತ್ತೆಗೂ ತಿಳಿದಿತ್ತು. ಆ ವಾರ ಅವರು ಸಾರಿನ ಉಪ್ಪಿನ ಬಗ್ಗೆ ಯಾರನ್ನೂ ಬೈಯಲಿಲ್ಲ, ಅದರಿಂದಲೇ ನನಗೆ ಅವರ ನೋವು ಎಷ್ಟೆಂದು ಗೊತ್ತಾಯಿತು. ಆದರೆ ಕೊಟ್ಟ ಮಾತು ಕೊಟ್ಟಂತೆ, ಸೋಮವಾರ ಬೆಳಿಗ್ಗೆ ಸೆರಗು ಹೊದ್ದು ಲಕಡಿ ಪೂಲದ ದಾರಿ ಹಿಡಿದರು.

ಅಲ್ಲಿಯ ಕೆಲಸ ಹೀಗಿತ್ತು. ಇಲಿ ಒಂದು ಹೆಜ್ಜೆ ಇಡಬೇಕಾದರೆ ಎಷ್ಟೋ ಚಿತ್ರ ಬೇಕು. ಮೊದಲಿನದರಲ್ಲಿ ಕಾಲು ನೆಲದ ಮೇಲೆ, ಮುಂದಿನದರಲ್ಲಿ ಕೂದಲೆಳೆಯಷ್ಟು ಮೇಲೆ, ಅದರ ಮುಂದಿನದರಲ್ಲಿ ಇನ್ನಿಷ್ಟು. ಗಾಜಿನಂತೆ ಪಾರದರ್ಶಕವಾದ ತೆಳು ಹಾಳೆಗಳ ಮೇಲೆ ಅವನ್ನು ಬರೆದು ಬಣ್ಣ ತುಂಬಿ, ಕೆಳಗೆ ನದಿಯ ಚಿತ್ರ ಇಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದಾಗಿ ಹಿಡಿಯಬೇಕು. ಅತ್ತೆ ಗೆರೆ ಬರೆಯುವರು, ನಾನು ಬಣ್ಣ ತುಂಬುವಳು. ಕಥೆಯಲ್ಲಿ ಪುಣೆಯ ಮುಠಾ ನದಿಯ ನೆರೆಯಲ್ಲಿ ಮುರಿದ ಬಾಗಿಲಿನ ಹಲಗೆಯೊಂದು ತೇಲಿ ಬರುತ್ತದೆ. ಅದರ ಮೇಲೆ ಬೆಕ್ಕು ಕೂತಿದೆ. ಮುಳುಗುತ್ತಿದ್ದ ಇಲಿ ಆ ಹಲಗೆ ಹತ್ತುತ್ತದೆ, ಹತ್ತಿದ ಮೇಲೆ ಬೆಕ್ಕನ್ನು ನೋಡಿ ಹೆದರಿ ಮರಗಟ್ಟಿ ಕೂರುತ್ತದೆ. ತೆರೆ ಹೊಡೆದು ಹಲಗೆ ವಾಲಿದಾಗ ಜಾರಿ ಬೆಕ್ಕಿನ ಹೊಟ್ಟೆಗೇ ಒತ್ತಿಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಗೆಳೆತನ. ಇಲಿಯ ಆ ಹೆದರಿಕೆಯನ್ನೆಲ್ಲ ಕಣ್ಣಿನಲ್ಲೇ ತೋರಿಸಬೇಕೆಂದು ಅತ್ತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಬೆಕ್ಕಿನ ಕಣ್ಣನ್ನು ಆಗಿಂದಾಗ ಬರೆದು ಮುಗಿಸಿದರು. ಬೆಕ್ಕು ಅವರ ಲೆಕ್ಕದಲ್ಲಿ ಯಾವ ದೇವರ ವಾಹನವೂ ಅಲ್ಲ, ಅದಕ್ಕೆ ಯಾವಾಗ ಕಣ್ಣು ಬರೆದರೂ ನಡೆಯುತ್ತದೆ. ಇಲಿಯದು ಹಾಗಲ್ಲ. ಇಲಿಯ ಕಣ್ಣು ಎಲ್ಲದರ ಕೊನೆಗೆ, ಒಯ್ಯುವ ಯಜಮಾನ ಎದುರಿಗೆ ಬಂದು ಕೂತಾಗ. ಇಲ್ಲಿ ಯಜಮಾನರೆಂದರೆ ಮಧುಕರರಾಯರು. ಅವರು ಕಚ್ಚಾ ಫಿಲ್ಮಿನ ಪರವಾನಗಿಗಾಗಿ ಮುಂಬಯಿಗೆ ಹೋಗಿ ಕೂತಿದ್ದರು. ಯುದ್ಧದ ಕಾಲದಲ್ಲಿ ಫಿಲ್ಮು ಸರಕಾರ ಕೊಟ್ಟಷ್ಟೇ, ಇನ್ನೊಮ್ಮೆ ಕೇಳಿದರೆ ಇಲ್ಲ. ಅವರು ತಿರುಗಿ ಬಂದ ಮೇಲೆ ಒಳ್ಳೆಯ ದಿನ ನೋಡಿ ಎಲ್ಲ ಇಲಿಗಳಿಗೂ ಕಣ್ಣು ತೆರೆಸುವುದೆಂದು ಅತ್ತೆ ಎತ್ತಿಟ್ಟರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗೂ ಹೊಳೆಯಲಿಲ್ಲ. ಕಣ್ಣಿಲ್ಲದ ಇಲಿಗಳ ಸಾಲು ನೋಡಿಯೇ ಮನೆಯಲ್ಲಿ ನಾವು ಬೆಳಿಗ್ಗೆ ಏಳುತ್ತಿದ್ದದ್ದು.

ಕ್ಯಾಮೆರಾ ನೋಡಿಕೊಳ್ಳುವವರು ಹರಿಶ್ಚಂದ್ರ ಎಂಬವರು. ಹೆಸರಿಗೆ ತಕ್ಕಂತೆ ಸತ್ಯವಂತರು, ಹೇಳಿದ್ದನ್ನು ಹೇಳಿದಷ್ಟೇ ಮಾಡುವರು, ಎಂದೂ ಯಾವುದನ್ನೂ ಯಾಕೆಂದು ಕೇಳಿದವರಲ್ಲ. ಮಧುಕರರಾಯರು ಹೊರಡುವ ಮೊದಲು, ಚಿತ್ರ ತಯಾರಾದ ಹಾಗೆ ಇದ್ದ ಫಿಲ್ಮಿನಲ್ಲಿ ಹಿಡಿಯುತ್ತ ಹೋಗಿ ಎಂದು ಹೇಳಿದ್ದರು. ಹರಿಶ್ಚಂದ್ರ ಹಿಡಿಯುತ್ತ ಹೋದರು. ನಾವು ಸಂಜೆ ಮನೆಗೆ ಹೊರಟ ಮೇಲೆ ಬಂದು ಹಾಳೆಗಳನ್ನು ಒಯ್ದು, ಕೆಲಸ ಮುಗಿಸಿ, ಮತ್ತೆ ಕಪಾಟಿನಲ್ಲಿ ಇದ್ದ ಹಾಗೆಯೇ ಇಡುತ್ತಿದ್ದರು.

ಮಧುಕರರಾಯರು ಮರುದಿನ ಬರುತ್ತಾರೆಂದು ಗೊತ್ತಾದಾಗ ಅತ್ತೆ ಹೊಸ ಕುಂಚ, ಅರಿಸಿನ ಕುಂಕುಮ, ಒಂದು ತೆಂಗಿನಕಾಯಿ ಹಿಡಿದುಕೊಂಡು ಗೋದಾಮಿಗೆ ಬಂದರು. ಹರಿಶ್ಚಂದ್ರ ಕಾಯಿ ನೋಡಿ, ಮುಗಿದ ಖುಷಿಗೆ ಒಡೆಯಲೆಂದು ತಂದಿರೇನು ಎಂದು ಮರಾಠಿಯಲ್ಲಿ ಕೇಳಿದರು. ಏನು ಮುಗಿದದ್ದು ಎಂದರು ಅತ್ತೆ. ಎಲ್ಲ ಹಿಡಿದಾಯಿತು, ಫಿಲ್ಮು ತೊಳೆಯಲಿಕ್ಕೂ ಕಳಿಸಿ ಬಂದಾಯಿತು ಎಂದರು ಅವರು. ಇಲಿಗೆ ಕಣ್ಣು ಇರಲಿಲ್ಲವಲ್ಲ ಎಂದು ನಾನು ಬಾಯಿ ಹಾಕಿದೆ. ಹೌದು ಇರಲಿಲ್ಲ, ಕಥೆಯೇ ಹಾಗಿರಬಹುದು ಅಂದುಕೊಂಡೆ ಎಂದು ಆ ಪುಣ್ಯಾತ್ಮ ಸಮಾಧಾನವಾಗಿ ಹೇಳಿದರು. ಅತ್ತೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಆಮೇಲೆ ಕಣ್ಣು ತೆರೆಸದ ಮೂರ್ತಿಯ ಫೋಟೋ ಯಾರಾದರೂ ತೆಗೆಯುತ್ತಾರೇನು, ನಮ್ಮಲ್ಲಿ ಗಿರಾಕಿಗಳು ಕೂಡ ಅದರ ಮುಖ ದಿಟ್ಟಿಸುವುದಿಲ್ಲ ಎಂದು ಅವರಿಗೆ ಕನ್ನಡದಲ್ಲಿ ಬೈದರು. ಹರಿಶ್ಚಂದ್ರರಿಗೆ ಕನ್ನಡ ಬರುತ್ತಿರಲಿಲ್ಲ, ಹೀಗಾಗಿ ತಲೆಯಾಡಿಸುತ್ತ ಕೇಳಿದರು.

ಮಧುಕರರಾಯರು ಬಂದರು. ಸುದ್ದಿ ಕೇಳಿ ಅವರ ಮುಖದ ಬಣ್ಣ ಇಳಿದದ್ದು ನೆನೆದರೆ ನನಗೆ ಇವತ್ತಿಗೂ ಕನಿಕರವಾಗುತ್ತದೆ. ಮುಂಬಯಿಯಲ್ಲಿ ಅವರಿಗೆ ಸಿಕ್ಕದ್ದು ಒಂದು ತುಣುಕು ಫಿಲ್ಮು, ಕಥೆಯ ಕೊನೆಯ ಭಾಗಕ್ಕೆ ಸಾಲುವಷ್ಟು. ಎಲ್ಲವನ್ನೂ ಮತ್ತೆ ಹಿಡಿಯುವ ಮಾತೇ ಇಲ್ಲ. ಏನಾಗಿದೆ ನೋಡಿಬಿಡೋಣ ಎಂದು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ ಗೋಡೆಯ ಮೇಲೆ ಬಿಳಿ ಬಟ್ಟೆ ಹಾಕಿಸಿದರು.

ನಮ್ಮ ಇಲಿ ನಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ನೀರಿನಿಂದ ಹತ್ತಿ ಬಂದು ಮೈ ಕೊಡವಿಕೊಂಡಿತು. ಬೆಕ್ಕು ಕಣ್ಣು ಅಗಲಿಸಿ ನೋಡಿತು. ಇಲಿ ಹೆದರಲಿಲ್ಲ. ಹೆದರಿಕೆ ಕಣ್ಣಿನಲ್ಲಿರಬೇಕಿತ್ತು, ಕಣ್ಣೇ ಇಲ್ಲದ್ದರಿಂದ ಅದು ಸುಮ್ಮನೆ, ಮನೆಯ ಕಟ್ಟೆಯ ಮೇಲೆ ಕೂತ ಹಾಗೆ, ಬೆಕ್ಕಿನ ಎದುರಿಗೇ ಕೂತುಕೊಂಡಿತು. ಹಲಗೆ ವಾಲಿತು, ಜಾರಿ ಹೋಗಿ ಬೆಕ್ಕಿನ ಹೊಟ್ಟೆಗೆ ಒತ್ತಿಕೊಂಡಿತು, ಅಲ್ಲಿ ಬೆಚ್ಚಗಿತ್ತೋ ಏನೋ, ಅಲ್ಲಿಯೇ ಉಳಿಯಿತು. ಬೆಕ್ಕಿಗೆ ದಿಕ್ಕು ತೋಚಲಿಲ್ಲ. ತನ್ನನ್ನು ನೋಡಿ ಓಡದ ಇಲಿಯನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎತ್ತಿದ ಪಂಜವನ್ನು ನಿಧಾನವಾಗಿ ಕೆಳಗಿಟ್ಟಿತು.

ಕಂಬಳಿ ಸರಿಸಿದಾಗ ಮಧುಕರರಾಯರು ಬಾಯಿಗೆ ಕೈ ಇಟ್ಟುಕೊಂಡು ಕೂತಿದ್ದರು. ಅತ್ತೆ ಸೆರಗು ಸರಿ ಮಾಡಿಕೊಂಡು ಎದ್ದು ನಿಂತರು.

"ಇಲಿ ಕುರುಡದರಿ," ಎಂದರು. "ಅದಕ್ಕ ಬೆಕ್ಕು ಅಂದ್ರ ಏನಂತ ಗೊತ್ತಿಲ್ಲ. ಗೊತ್ತಿದ್ದರ ಗೆಳೆತನ ಹೆಂಗ ಆಗತದ?"

ಮೊದಲಿನಿಂದಲೂ ಇದೇ ತಮ್ಮ ಉದ್ದೇಶವಾಗಿತ್ತು ಎಂಬ ಠೀವಿಯಲ್ಲಿ ಹೇಳಿದರು. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನೋಡಿದವಳು ನಾನೊಬ್ಬಳೇ. ಮುಂದೆ ಎಷ್ಟೋ ವರ್ಷ, ಕುರುಡ ಇಲಿಯ ಯೋಚನೆ ನಿಮಗೆ ಹೇಗೆ ಬಂತೆಂದು ಯಾರಾದರೂ ಕೇಳಿದರೆ, ಯೋಚನೆ ಎಂಬುದು ಅದಾಗಿಯೇ ಬರುತ್ತದೆ ಎಂದು ನನ್ನ ಎದುರಿಗೇ ಹೇಳುತ್ತಿದ್ದರು, ಮತ್ತು ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಮಧುಕರರಾಯರು ಜೀವ ಬಂದವರಂತೆ ಓಡಾಡತೊಡಗಿದರು. ಉಳಿದ ತುಣುಕು ಫಿಲ್ಮಿನಲ್ಲಿ ಕೊನೆಯ ಭಾಗ ಹಿಡಿಯಬೇಕಿತ್ತು. ದೇವರ ದಯದಿಂದ ಇಲಿಗೆ ಕಣ್ಣು ಬರಬೇಕು, ಅದು ಬೆಕ್ಕನ್ನು ನೋಡಿ ನಗಬೇಕು, ಜನ ಚಪ್ಪಾಳೆ ಹೊಡೆಯುತ್ತಾರೆ ಎಂದರು. ಅತ್ತೆಗೂ ಅದು ಹಿಡಿಸಿತು. ಯಜಮಾನರು ಎದುರಿಗಿದ್ದಾರೆ, ದಿನವೂ ಚೆನ್ನಾಗಿದೆ, ಕುಂಚ ಅದ್ದಿದರು. ಅಷ್ಟರಲ್ಲಿ ಹರಿಶ್ಚಂದ್ರರು ಮೂಲೆಯ ತೊಟ್ಟಿಯಲ್ಲಿ ಹಳೆಯ ಹಾಳೆಗಳನ್ನು ನೆನೆಹಾಕಿ ಬಟ್ಟೆಯಿಂದ ಒರೆಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಹೊಸ ಹಾಳೆ ಸಿಗುತ್ತಿರಲಿಲ್ಲವಾದ್ದರಿಂದ ಹಿಡಿದು ಮುಗಿದ ಚಿತ್ರಗಳನ್ನು ತೊಳೆದು ಅದೇ ಹಾಳೆಯ ಮೇಲೆ ಮತ್ತೆ ಬರೆಯುವುದು ಆ ಕೆಲಸದ ರೂಢಿ. ನಮಗೆ ಗೊತ್ತಿರಲಿಲ್ಲ. ಈ ಕಣ್ಣು ತೆರೆದ ಇಲಿಯನ್ನೂ ಹೀಗೆಯೇ ಒರೆಸುತ್ತೀರಾ ಎಂದು ಅತ್ತೆ ಕೇಳಿದರು. ಮಧುಕರರಾಯರು ಹೌದೆಂದರು.

ಅತ್ತೆ ಕುಂಚ ತೊಳೆದಿಟ್ಟರು. ಕಣ್ಣು ತೆರೆಸಿದ್ದನ್ನು ಪೂಜೆ ಮಾಡಿ ನೀರಿಗೆ ಬಿಡುತ್ತಾರೆಯೇ ಹೊರತು ಚಿಂದಿಯಿಂದ ಒರೆಸುವುದಿಲ್ಲ ಎಂದರು. ಒರೆಸುವುದಿಲ್ಲವೆಂದು ಮಧುಕರರಾಯರು ಮಾತು ಕೊಟ್ಟರು. ಹಾಗಾದರೆ ಯಾರ ಮನೆಗೆ ಹೋಗುತ್ತದೆ ಎಂದು ಅತ್ತೆ ಕೇಳಿದರು. ಊರೂರಿಗೆ ಹೋಗುತ್ತದೆ, ಎಲ್ಲರೂ ನೋಡುತ್ತಾರೆ ಎಂದರು ಅವರು. ಎಲ್ಲರೂ ನೋಡುವುದು ಬೇರೆ, ಒಬ್ಬರು ಒಯ್ಯುವುದು ಬೇರೆ ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. ಮನೆಯಿಲ್ಲದ ಇಲಿಗೆ ಕಣ್ಣು ಕೊಡಲು ತಮ್ಮಿಂದಾಗದು. ಆ ಮನುಷ್ಯ ಕೈ ಮುಗಿದರು, ಸಿಟ್ಟು ಮಾಡಿದರು, ನೋಡುವವರು ಬೇಸರಪಟ್ಟು ಎದ್ದು ಹೋಗುತ್ತಾರೆ, ಕಂಪನಿ ಮುಚ್ಚಬೇಕಾಗುತ್ತದೆ ಎಂದೂ ಹೇಳಿದರು. ನನಗೂ ಒಳಗೊಳಗೆ ಅವರದೇ ಸರಿ ಅನ್ನಿಸಿತು. ಚೌತಿಗೆ ಬೇಡವಾದ ಕೈ ಇಲ್ಲಿಯೂ ಬೇಡವಾದರೆ ಅತ್ತೆಗೆ ಏನು ಉಳಿಯುತ್ತದೆ ಎಂದು ಹೆದರಿದೆ. ಅತ್ತೆ ಹೆದರಲಿಲ್ಲ. ಕೊನೆಗೆ ಅವರು ಬರೆದುಕೊಟ್ಟದ್ದು ಇಷ್ಟು: ನೆರೆ ಇಳಿಯುತ್ತದೆ, ಹಲಗೆ ದಡ ಮುಟ್ಟುತ್ತದೆ, ಬೆಕ್ಕು ಮುಂದೆ ನಡೆಯುತ್ತದೆ, ಅದರ ಬಾಲದ ತುದಿಗೆ ಮೂಗು ತಾಗಿಸಿಕೊಂಡು ಇಲಿ ಹಿಂದೆ ನಡೆಯುತ್ತದೆ. ಕಣ್ಣು ಕೊನೆಗೂ ಇಲ್ಲ.

ಶ್ರಾವಣದಲ್ಲಿ ಅದು ಪೇಠೆಯ ಹತ್ತಿರದ ಟಾಕೀಜಿಗೆ ಬಂತು. ದೊಡ್ಡದೊಂದು ಪೌರಾಣಿಕ ಚಿತ್ರದ ಮೊದಲು ತೋರಿಸುತ್ತಿದ್ದರು. ಪೌರಾಣಿಕವೆಂದ ಮೇಲೆ ರಾಧಾಬಾಯಿಯವರಿಗೆ ಅಡ್ಡಿಯಿಲ್ಲ. ಮನೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಹೆಂಗಸರ ಬಾಲ್ಕನಿಯಲ್ಲಿ ನಮಗಿಂತ ಎರಡು ಸಾಲು ಮುಂದೆ ಕೂತರು. ನಮ್ಮನ್ನು ನೋಡಿದರು, ನೋಡದವರ ಹಾಗೆ ತಿರುಗಿದರು. ದೀಪ ಆರಿತು. ಪಂಜ ಎತ್ತಿದ ಬೆಕ್ಕಿನ ಹೊಟ್ಟೆಗೆ ಇಲಿ ಒತ್ತಿಕೊಂಡು ಕೂತಾಗ ಇಡೀ ಥಿಯೇಟರಿನಲ್ಲಿ ಒಂದು ಕೆಮ್ಮು ಕೂಡ ಕೇಳಲಿಲ್ಲ. ಕೊನೆಗೆ ಇಲಿ ಬೆಕ್ಕಿನ ಬಾಲದ ಹಿಂದೆಯೇ ನಡೆದು ಹೋದಾಗ ಕೆಳಗಿನಿಂದ ಯಾರೋ ಅದಕ್ಕೆ ಕಣ್ಣು ಬರುವುದಿಲ್ಲವೇ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದರು. ನಗೆ ಏಳಲಿಲ್ಲ. ಚಪ್ಪಾಳೆ ತಡವಾಗಿ ಬಂತು, ಆದರೆ ಬಂದದ್ದು ಬೇಗ ನಿಲ್ಲಲಿಲ್ಲ. ಮಧುಕರರಾಯರ ಕಂಪನಿಗೆ ಇನ್ನಷ್ಟು ದಿನ ಬದುಕುವ ಧೈರ್ಯ ಬಂತು. ರಾಧಾಬಾಯಿ ಮಾತ್ರ ಹಿಂದಕ್ಕೆ ತಿರುಗಲಿಲ್ಲ, ಹೊರಡುವಾಗಲೂ ಮಾತಾಡಲಿಲ್ಲ.

ಟಾಕೀಜಿನ ಚಪ್ಪಾಳೆಯಿಂದ ಮನೆಯ ಪದ್ಧತಿ ಬದಲಾಗುವುದಿಲ್ಲ. ಸಿನಿಮಾ ನೋಡಿ ಕಣ್ಣು ಒರೆಸಿಕೊಂಡವರೇ ಗಣಪತಿಯ ಮಾತು ಬಂದಾಗ ಹಿರಿಯರು ಹೇಳಿದಂತೆ ಎನ್ನುತ್ತಿದ್ದರು. ಚೌತಿಯ ಬೆಳಿಗ್ಗೆ ಪಡಸಾಲೆಯಲ್ಲಿ ಎರಡು ಚಾಪೆ ಹಾಸಿದೆವು. ಒಂದರ ಮುಂದೆ ಸಣ್ಣಮಾವ ಮಡಿ ಉಟ್ಟು ಹೊಸ ಕುಂಚ ಹಿಡಿದು ಕೂತರು. ಇನ್ನೊಂದರ ಮುಂದೆ ಅತ್ತೆ. ಬೇಡ ಒಳಗೆ ಬನ್ನಿ ಎಂದು ನಾನು ಹೇಳಿದೆ, ಕೇಳಲಿಲ್ಲ. ತಟ್ಟೆ ಹಿಡಿದವರು ಒಳಗೆ ಬಂದು, ಅತ್ತೆಯ ಮುಖ ತಪ್ಪಿಸಿ, ಆಚೆಯ ಚಾಪೆಯ ಮೇಲೆ ಕೂರುತ್ತಿದ್ದರು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬಟ್ಟಲಿನ ಕಪ್ಪು ಒಣಗದಂತೆ ಆಗಾಗ ಒಂದು ಹನಿ ನೀರು ಬೆರೆಸುತ್ತ ಕೂತಿದ್ದರು. ಅದನ್ನು ನೋಡಲಾರದೆ ನಾನು ಅಡಿಗೆಮನೆಗೆ ಹೋಗಿ ಕಡುಬಿನ ಹಿಟ್ಟನ್ನು ಸುಮ್ಮಸುಮ್ಮನೆ ನಾದಿದೆ.

ಗದ್ದಲ ನಿಂತದ್ದು ಕೇಳಿ ಹೊರಗೆ ಬಂದೆ. ರಾಧಾಬಾಯಿ ಬಂದಿದ್ದರು. ತಟ್ಟೆಯಲ್ಲಿ ವಸ್ತ್ರ, ಅಕ್ಷತೆ. ಸಣ್ಣಮಾವ ಎದುರಿಗಿದ್ದವರನ್ನು ಸರಿಸಿ, ಬರ್ರಿ ಎಂದು ಚಾಪೆ ತಟ್ಟಿದರು. ರಾಧಾಬಾಯಿ ಎರಡೂ ಚಾಪೆಗಳ ನಡುವೆ ನಿಂತರು. ಅವರ ಮುಖದಲ್ಲಿ ಸಿಟ್ಟೇ ಇತ್ತು, ಬೈಯಲಿಕ್ಕೆ ಬಂದಿದ್ದಾರೆಂದೇ ನಾನು ಅಂದುಕೊಂಡೆ. ಆಮೇಲೆ ಸೊಂಟ ಹಿಡಿದುಕೊಂಡು ಅತ್ತೆಯ ಎದುರಿಗೆ ಕೂತರು.

"ಆ ಇಲಿ ನನ್ನ ತಲ್ಯಾಗಿಂದ ಹೋಗವಲ್ದು ಗೌರಾ," ಎಂದರು. "ಅದರ ಕಣ್ಣು ಯಾವಾಗ ತೆರಸ್ತಿ?"

"ಒಯ್ಯೋರು ಬರೂತನಕ ನಾ ತೆರಸೂದಿಲ್ರಿ," ಎಂದರು ಅತ್ತೆ. "ನಿಮಗ ಗೊತ್ತಿದ್ದ ಮಾತೇ ಅದ."

"ಒಯ್ಯಾಕ ಬಂದೀನಿ."

ಅತ್ತೆ ಬಟ್ಟಲಿನ ಕಪ್ಪಿಗೆ ಕುಂಚ ಅದ್ದಿದರು. ಮಾವ ಎದ್ದು ಬಂದು ಗಣಪತಿಯನ್ನು ಎತ್ತಿ ಅವರ ಮುಂದಿನ ಮಣೆಯ ಮೇಲೆ ಇಟ್ಟರು. ಅತ್ತೆ ಪದ್ಧತಿಯಂತೆ ಗಣಪತಿಯ ಮುಖಕ್ಕೆ ಕುಂಚ ಒಯ್ದಾಗ ರಾಧಾಬಾಯಿ ತಡೆದು, ಮೊದಲು ಇಲಿಗೆ ಕೊಡು ಎಂದರು, ಅದು ಬಹಳ ದಿನ ಕಾದಿದೆ ಎಂದರು. ಹಾಗೆ ಹಿಂದೆಂದೂ ಮಾಡಿದ್ದಿಲ್ಲ. ಅತ್ತೆ ಒಂದು ಕ್ಷಣ ಗಣಪತಿಯ ಕಡೆ ನೋಡಿ, ಆಮೇಲೆ ಬಗ್ಗಿ ಇಲಿಯ ಕಣ್ಣು ಬರೆದರು. ಗೆರೆ ತಪ್ಪಲಿಲ್ಲ. ಅನಂತರ ಗಣಪತಿಯ ಕಣ್ಣು ತೆರೆಸಿದರು. ರಾಧಾಬಾಯಿ ಗಣಪತಿಗೆ ಕೈ ಮುಗಿದು, ಬಗ್ಗಿ ಇಲಿಯ ಮುಖವನ್ನೇ ನೋಡುತ್ತ ಕೂತರು.

"ಈಗ ಬೆಕ್ಕು ಕಂಡರ ಓಡತದೇನ?" ಎಂದು ಕೇಳಿದರು.

"ಗುರ್ತಾದ ಮ್ಯಾಲ ಯಾಕ ಓಡತದರಿ," ಎಂದರು ಅತ್ತೆ.

ರಾಧಾಬಾಯಿ ಮೂರ್ತಿಯ ಮೇಲೆ ವಸ್ತ್ರ ಹೊದಿಸಿದರು. ವಯಸ್ಸಾದ ಮೊಣಕಾಲು, ಏಳಲು ಆಗಲಿಲ್ಲ, ಆಸರೆಗೆಂದು ಕೈ ಚಾಚಿದರು. ನಾನು ಹಿಡಿಯಲು ಓಡಿದೆ. ನನಗಿಂತ ಮೊದಲು ಅತ್ತೆ ಕಪ್ಪು ಬಣ್ಣ ಹತ್ತಿದ ತಮ್ಮ ಬಲಗೈಯನ್ನೇ ಮುಂದೆ ಮಾಡಿದ್ದರು. ರಾಧಾಬಾಯಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದರು.